ಮೂರು ಸಲ ತಿದ್ದಿದ ಅರ್ಜಿ

ಗಾರ್ಮೆಂಟ್ಸ್ ಆಫೀಸಿನ ಮುಂದಿನ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅತ್ತಿಗೆ, ಅವಳ ನಾದಿನಿ ನಿಂತಿದ್ದರು. ಇಬ್ಬರೂ ಹೊಲಿಗೆಯವರು. ನಾದಿನಿಯ ಕೈಯಲ್ಲಿದ್ದ ಇಂಗ್ಲಿಷ್ ಅರ್ಜಿಯ ತುಂಬ ಕೆಂಪು ಗೆರೆ.

“ಮತ್ತೆ ವಾಪಸ್ ಕೊಟ್ನಾ ಆ ಮ್ಯಾನೇಜರ್?”

“ಮೂರನೇ ಸಲ ಅತ್ತಿಗೆ. ಮೂರನೇ ಮಹಡೀಲಿರೋ ಬಾಗಿಲು ಅನ್ನೋಕೆ ‘ಇನ್’ ಅಲ್ಲ, ‘ಆನ್’ ಅಂದ. ತಿದ್ದಿದೆ. ಕೆಲಸದ ವೇಳೆಗೆ ‘ಆನ್’ ಅಲ್ಲ, ‘ಡ್ಯೂರಿಂಗ್’ ಅಂದ. ಅದನ್ನೂ ತಿದ್ದಿದೆ. ಇವತ್ತು ಬೆಳಿಗ್ಗೆ, ಹೊರಗಿಂದ ಬೀಗ ಅನ್ನೋಕೆ ‘ಬೈ’ ಅಲ್ಲ, ‘ಫ್ರಮ್’ ಅಂತೆ.”

“ಬಾಗಿಲು ತೆಗೆಸಿದ್ನಾ?”

“ಎಲ್ಲಿ ತೆಗೆಸ್ತಾನೆ? ನಿನ್ನೆ ಇಸ್ತ್ರಿ ಟೇಬಲ್ಲಿಂದ ಹೊಗೆ ಎದ್ದಾಗ ಎಂಬತ್ತು ಜನ ಅದೇ ಬಾಗಿಲು ಬಡಿದ್ವಿ. ಪುಣ್ಯಕ್ಕೆ ಬೆಂಕಿ ಹತ್ತಲಿಲ್ಲ.”

“ಹತ್ತಿದ್ರೆ ಕೂಗಿಕೊಳ್ಳೋದನ್ನೂ ತಿದ್ದಿ ಕಳಿಸ್ತಿದ್ದ, ಮುಂಡೇದು!”

“ನನ್ನ ಇಂಗ್ಲಿಷೇ ಸರಿಯಿಲ್ಲ ಬಿಡಿ. ಸರದಿ ಬರೋಷ್ಟರಲ್ಲಿ ಇನ್ನೊಂದ್ಸಲ ಬರೆದು ಕೊಡ್ತೀನಿ.”

“ಏನೂ ಬರೀಬೇಡ ಕಣೆ. ಬೀಗ ಹೊರಗಿಂದ ಹಾಕಿದೆ ಅಂತ ಅರ್ಥ ಆಗದೆ ಇದ್ದಿದ್ರೆ ಅವನು ಹೇಗೆ ತಿದ್ತಿದ್ದ? ಸಹಿ ಹಾಕಿದ್ದಾನಾ?”

“ಮೂರು ಸಲಾನೂ. ತಾರೀಖಿನ ಸಮೇತ.”

“ಹಾಗಿದ್ರೆ ನಡಿ, ಲೇಬರ್ ಆಫೀಸಿಗೆ. ಗೊತ್ತೇ ಇರಲಿಲ್ಲ ಅಂತ ಅಲ್ಲಿ ಹೇಳಲಿ ನೋಡೋಣ.”

ಅಷ್ಟರಲ್ಲಿ ಒಳಗಿನಿಂದ ಅವರ ಸರದಿ ಕೂಗಿದರು. ಇಬ್ಬರೂ ತಿರುಗಿ ನೋಡದೆ ಗೇಟಿನ ಕಡೆಗೆ ನಡೆದರು. ಕೆಂಪು ಗೆರೆಯ ಹಾಳೆಯನ್ನು ಅತ್ತಿಗೆ ಮಡಿಸದೆ ಹಿಡಿದಿದ್ದಳು.