ರಫು ಮಾಡುವವಳ ಕಿಟಕಿ

ಹಲೋ… ಹಾಂ, ಹಲೋ. ಯಾರು ಮಾತಾಡ್ತಿರೋದು? …

ಯಾರು? ಸ್ವಲ್ಪ ಜೋರಾಗಿ ಹೇಳಿ. ಪಕ್ಕದ ತೋಟದಲ್ಲಿ ಯಾರೋ ಏಣಿ ಎಳೀತಿದ್ದಾರೆ, ಆ ಸದ್ದಲ್ಲಿ ಏನೂ ಕೇಳಿಸ್ತಿಲ್ಲ. …

ಓ, ನಗರಸಭೆ ಕಚೇರಿಯಿಂದಾ? ಹಾಂ ಸಾರ್, ಗೊತ್ತಾಯ್ತು. ಟೇಪು ಹಿಡ್ಕೊಂಡು ಬಂದಿದ್ರಲ್ಲ, ಅಳತೆ ಸಾರ್. ತಪ್ಪು ತಿಳ್ಕೋಬೇಡಿ, ನಾನು ನಿಮಗಿಟ್ಟಿರೋ ಹೆಸರೇ ಅದು. …

ಹೌದು, ಅರ್ಜಿ ಹಾಕಿದವಳು ನಾನೇ. ರಫು ಮಾಡೋಳು. ಹರಿದ ಬಟ್ಟೇನ ಹರಿದಿತ್ತು ಅಂತ್ಲೇ ಗೊತ್ತಾಗದ ಹಾಗೆ ಎಳೆ ಸೇರಿಸಿ ಕೊಡೋದು ನನ್ನ ಕೆಲಸ. ಮೂರು ವರ್ಷಕ್ಕೆ ಹನ್ನೊಂದು ಅರ್ಜಿ, ಎಲ್ಲಾ ನಂದೇ. ನಿಮ್ಮ ಕಚೇರಿ ಮೆಟ್ಟಿಲಿಗೆ ನನ್ನ ಚಪ್ಪಲಿ ಗುರುತಿರಬೇಕು. …

ಇವತ್ತಾ? … ಈಗಲೇನಾ? …

ಹಾಗಾದ್ರೆ ಏಣಿ ಎಳೀತಿರೋರು ನಿಮ್ಮವರೇ ಅನ್ನಿ. ನಾನು ಪಕ್ಕದ ಮನೆ ಡ್ರೈವರ್ ಬಣ್ಣ ಹೊಡೆಸ್ತಿದ್ದಾನೆ ಅಂದ್ಕೊಂಡಿದ್ದೆ. …

ಖುಷಿ ಆಗದೆ ಏನು ಸಾರ್. ಆಗಿದೆ. ನನ್ನ ದನೀನೇ ಹೀಗೆ. …

ಹೂಂ, ಹೇಳಿ. … ಅವನ ಚಪ್ಪರ ಕೆಡವೋಕೆ ಮೊದಲು ಅರ್ಜಿ ಹಾಕಿದವರನ್ನ ಒಂದ್ಸಲ ಕೇಳಿ ಬರ್ಕೋಬೇಕು. … ನಾನು ಸರಿ ಅಂದ್ರೆ ನೀವು ಅಲ್ಲಿರೋ ಮೇಸ್ತ್ರಿಗೆ ಇನ್ನೊಂದು ಫೋನಲ್ಲಿ ಹೇಳ್ತೀರಿ. ಬೇಡ ಅಂದ್ರೆ ಅವರು ಏಣಿ ಎತ್ಕೊಂಡು ವಾಪಸ್ಸು. ಇಷ್ಟೇ ಅಲ್ವಾ? ಭಲೇ. ಮೂರು ವರ್ಷ ನಾನು ಹೇಳಿದ್ದನ್ನ ಯಾರೂ ಕಿವಿಗೇ ಹಾಕ್ಕೊಳ್ಲಿಲ್ಲ, ಇವತ್ತು ನೀವಾಗೇ ಕೇಳ್ತಿದ್ದೀರಿ. …

ಇದೀನಿ, ಇದೀನಿ. ಫೋನ್ ಇಟ್ಟಿಲ್ಲ. …

ಯಾರು, ಡ್ರೈವರ್ರಾ? ನಿಮ್ಮ ಹತ್ರ ಬಂದಿದ್ನಾ? … ಅಳ್ತಾ ಇದ್ನಾ? ಅವನಾ? ಮೂವತ್ತು ವರ್ಷ ಬಸ್ಸು ಓಡಿಸಿದ ಗಂಡಸು, ಪ್ರಯಾಣಿಕರನ್ನೇ ಅಳಿಸಿದೋನು ಸಾರ್ ಅವನು. ಏನಂದ? …

ಹೂಂ. ಹೆಂಡತಿ ವಿಷಯ. ಗೊತ್ತು. ಅವಳ ಚರ್ಮಕ್ಕೆ ಬಿಸಿಲು ಆಗೋಲ್ಲ. ಒಂದು ಚೂರು ಬಿದ್ರೆ ಸಾಕು, ಮೈಯೆಲ್ಲಾ ಬೊಬ್ಬೆ. ಅದಕ್ಕೇ ಅವನು ತೋಟದಲ್ಲಿ ಆ ಚಪ್ಪರ ಹಾಕಿದ್ದು. ಮೇಲೆ ತಗಡು, ಪಕ್ಕಕ್ಕೆ ಮರದ ಜಾಲರಿ, ಜಾಲರಿಗೆ ಬಳ್ಳಿ, ಕೆಳಗೆ ಅವಳಿಗೊಂದು ಬೆಂಚು. ದಿನಾ ಬೆಳಿಗ್ಗೆ ಬಂದು ಕೂರ್ತಾಳೆ. ಅವಳು ಮನೆಯಿಂದ ಹೊರಗೆ ಬರೋದು ಅಂದ್ರೆ ಅಷ್ಟೇ. …

ಗೊತ್ತಿದ್ದೂ ಅರ್ಜಿ ಹಾಕಿದ್ರಾ ಅಂದ್ರೆ? ಹಾಕ್ದೆ. ಅವಳಿಗೆ ನೆರಳು ಬೇಕು, ಬೇಡ ಅಂದೋರ್ಯಾರು? ಅಷ್ಟುದ್ದ ತೋಟ ಬಿಟ್ಟು ನನ್ನ ಕಿಟಕಿಗೆ ಒಂದು ಗೇಣು ಬಿಟ್ಟು ನಿಲ್ಲಿಸ್ದ. ನೀವೇ ಅಳೆದಿದ್ದೀರಲ್ಲ, ಮೂರಡಿ ಬಿಡಬೇಕಿತ್ತು ಅಂತ ನೀವೇ ಬರೆದಿದ್ದೀರಲ್ಲ. ಈ ಕೋಣೆಗೆ ಇರೋದೇ ಅದೊಂದು ಕಿಟಕಿ. ಮೂವತ್ತೆಂಟು ವರ್ಷ ಅದರ ಕೆಳಗೆ ಕೂತು ಕೆಲಸ ಮಾಡಿದೋಳು ನಾನು. ಹೋಗಿ ಕೇಳಿದ್ರೆ ಏನಂದ ಗೊತ್ತಾ? ಲೈಟು ಹಾಕ್ಕೊಳ್ಳಮ್ಮ ಅಂದ. …

ಲೈಟು ಹಾಕಿದ್ರೆ ಆಗೋಲ್ಲ ಸಾರ್. ಲೈಟಲ್ಲಿ ಕಪ್ಪೂ ಒಂದೇ ಕಡುನೀಲೀನೂ ಒಂದೇ. ರಫೂಗೆ ದಾರ ಅಂಗಡಿಯಿಂದ ತರೋದಲ್ಲ. ಆ ಬಟ್ಟೆದೇ ಒಳಮಡಿಕೆಯಿಂದ ಎಳೆ ಬಿಡಿಸಿ ತೆಗೀಬೇಕು, ಅದೇ ಎಳೇಲಿ ತೂತು ಮುಚ್ಚಬೇಕು. ಅದಕ್ಕೆ ಕಿಟಕಿ ಬೆಳಕೇ ಬೇಕು. …

ಅವಳ ಜೊತೆ ಮಾತಾ? ಇಲ್ಲ. ಚಪ್ಪರ ಎದ್ದ ದಿನಕ್ಕೇ ನಿಂತು ಹೋಯ್ತು. ಮೊದಲು ಸಂಜೆ ಹೊತ್ತು ಈ ಕಿಟಕಿ ಹತ್ರ ಬಂದು ನಿಂತು ಅಕ್ಕಾ ಅಕ್ಕಾ ಅಂತ ತಲೆ ತಿನ್ನೋಳು. ಈಗ ಜಾಲರಿ ಆಚೆ ಅವಳು ಕೆಮ್ಮಿದ್ರೂ ಕೇಳಿಸುತ್ತೆ. ನಾನೂ ಉಸಿರೆತ್ತಿಲ್ಲ, ಅವಳೂ ಎತ್ತಿಲ್ಲ. …

ತೊಂದರೆ ಈಗಲೂ ಹಾಗೇ ಇದ್ಯಾ ಅಂತ ಬರ್ಕೋಬೇಕಾ? … ಹಾಂ… ಇದೆ. …

ತಾಳಿ ಸಾರ್, ಅದನ್ನ ಈಗಲೇ ಬರೀಬೇಡಿ. …

ಒಂದು ಕೋಟಿನ ವಿಷಯ. ಯಾರೋ ವಕೀಲರದ್ದು, ಕಪ್ಪು, ಮೊಣಕೈ ಹತ್ರ ಹರಿದಿತ್ತು. ನನಗೆ ಕೆಲಸ ಕೊಡೋ ದರ್ಜಿ ಕೊಟ್ಟಿದ್ದು, ಜೊತೆಗೆ ಇನ್ನೊಂದು ಕಡುನೀಲಿ ಕೋಟು. ಎರಡೂ ತೊಡೆ ಮೇಲೆ ಇಟ್ಕೊಂಡಿದ್ದೆ. ನೀಲಿ ಕೋಟಿನ ಮಡಿಕೆಯಿಂದ ಎಳೆ ತೆಗೆದು ಕಪ್ಪು ಕೋಟಿಗೆ ಹಾಕ್ಬಿಟ್ಟೆ. ಕೆಲಸ ಕಲಿಯೋಕೆ ಬಂದ ಮೊದಲ ವಾರದೋರು ಮಾಡೋ ತಪ್ಪು ಅದು. ದರ್ಜಿ ಬಯ್ಯಲಿಲ್ಲ. ಕೋಟು ಮಡಚಿ ಸುಮ್ನೆ ಒಳಗಿಟ್ಟ. ಬೈದಿದ್ರೆ ಚೆನ್ನಾಗಿತ್ತು. …

ಅಯ್ಯೋ, ಚಪ್ಪರದಿಂದ ಆದ ನಷ್ಟ ಅಂತ ಬರ್ಕೋಬೇಡಿ ಅಂದೆನಲ್ಲ. ಆ ಕೆಲಸ ನಾನು ಮನೇಲಿ ಮಾಡಿದ್ದಲ್ಲ. ಅರ್ಜೆಂಟು ಅಂದ್ರು, ದರ್ಜಿ ಅಂಗಡಿ ಮೆಟ್ಟಿಲ ಮೇಲೇ ಕೂತು ಮಾಡ್ದೆ. ಮಧ್ಯಾಹ್ನ ಹನ್ನೆರಡಕ್ಕೆ. ಒಂದು ಮೋಡ ಇರ್ಲಿಲ್ಲ. …

ಹೂಂ. …

ನಿನ್ನೆ ಕಣ್ಣಿನ ಡಾಕ್ಟರ್ ಹತ್ರ ಹೋದೆ. ಕಣ್ಣಿನ ಹಿಂದೆ ಪರದೆ ಇರುತ್ತಂತೆ, ನಂದು ನಡುವೆ ಸವೆದು ಹೋಗಿದ್ಯಂತೆ. ಅಂಚು ಚೆನ್ನಾಗಿದೆ, ನಡುವೆ ತೂತು. ರಫು ಮಾಡೋಕೆ ಬರುತ್ತಾ ಅಂತ ಕೇಳ್ದೆ. ಅವರು ನಗಲಿಲ್ಲ. ಆಪರೇಷನ್ ಇಲ್ಲ ಅಂದ್ರು. ಕನ್ನಡಕಾನೂ ಕೆಲಸಕ್ಕೆ ಬರಲ್ಲ ಅಂದ್ರು. …

ನಾಲ್ಕೈದು ವರ್ಷದಿಂದ ಶುರುವಾಗಿರಬೇಕು ಅಂತಾರೆ. …

ಹೌದು ಸಾರ್. ಚಪ್ಪರಕ್ಕಿಂತ ಮೊದಲೇ. ಲೆಕ್ಕ ನನಗೂ ಬರುತ್ತೆ. …

ಯಾರಿಗೂ ಹೇಳಿಲ್ಲ. ನಿಮಗೇ ಮೊದಲು. ಯಾಕೆ ಹೇಳ್ದೆನೋ ಗೊತ್ತಿಲ್ಲ, ನೀವು ಕಾಣ್ತಿಲ್ವಲ್ಲ, ಅದಕ್ಕಿರಬೇಕು. …

ದುಃಖ ಅಂತೇನೂ ಇಲ್ಲ. ಏನೂ ಅನ್ನಿಸ್ತಿಲ್ಲ. ಕಾಲ ಮೇಲೆ ಕಾಲು ಹಾಕಿ ಕೂತ್ರೆ ಜೋಮು ಹಿಡಿಯುತ್ತಲ್ಲ, ಹಾಗೆ. ನಿನ್ನೆಯಿಂದ ಇಡೀ ಮೈಗೆ. ಊಟ ಮಾಡ್ದೆ, ಮಲಗ್ದೆ, ಎದ್ದೆ. …

ಹಾಗಾದ್ರೆ ಏಣಿಯವರನ್ನ ವಾಪಸ್ ಕಳಿಸ್ಲಾ ಅಂತ ಕೇಳ್ತಿದ್ದೀರಿ. ನ್ಯಾಯವಾದ ಮಾತು. …

ನೋಡಿ ಸಾರ್, ಆ ಡಾಕ್ಟರ್ರು ನನ್ನನ್ನ ಕತ್ತಲೆ ಕೋಣೇಲಿ ಕೂರಿಸಿ ನೋಡಿದ್ರು. ಕತ್ತಲೇಲಿ ಯಾರಿಗೆ ತಾನೇ ಕಾಣುತ್ತೆ? ಆ ಅಂಗಡಿ ಮೆಟ್ಟಿಲು, ಅದೂ ನಾನು ಕೂರೋ ಜಾಗ ಅಲ್ಲ. ನನ್ನ ಕಿಟಕಿ ಬೇರೆ. ಇಲ್ಲಿ ಕೂತ್ರೆ ಕೈಗೆ ತಾನಾಗೇ ಗೊತ್ತಾಗುತ್ತೆ. ಮುಂಚೆ ಹಾಗೇ ಆಗ್ತಿತ್ತು. …

ಡಾಕ್ಟರ್ ಸುಳ್ಳು ಹೇಳ್ತಾರಾ ಅಂದ್ರೆ, ಅದು ನನಗೆ ಹೇಗೆ ಗೊತ್ತಾಗಬೇಕು? ನೀವು ಏಣಿ ವಾಪಸ್ ಕಳಿಸಿದ್ರೆ ನನಗೆ ಗೊತ್ತಾಗೋದಾದ್ರೂ ಹೇಗೆ? ಸಾಯೋ ತನಕ ಚಪ್ಪರಕ್ಕೇ ಬಯ್ತಾ ಕೂತಿರಬೇಕು. …

ಅವಳ ಬಗ್ಗೆ ಯೋಚ್ನೆ ಮಾಡಿಲ್ಲ ಅಂತಲ್ಲ. ಮಾಡಿದೀನಿ. …

ಕೆಡವಿ. …

ಹಾಂ, ನಾನೇ ಹೇಳ್ತಿದ್ದೀನಿ. ಯಾರೂ ಹೇಳಿಕೊಟ್ಟಿಲ್ಲ. ಕಾನೂನು ನನ್ನ ಕಡೆ ಇದೆ ಅಲ್ವಾ? ಬರ್ಕೊಳ್ಳಿ. …

ಸರಿ, ಇಡಲ್ಲ, ಹೀಗೇ ಹಿಡ್ಕೊಂಡಿರ್ತೀನಿ. ನೀವು ಮೇಸ್ತ್ರಿಗೆ ಹೇಳಿ. …

ಹತ್ತಿದ್ರು ಸಾರ್. ಮೊಳೆ ಕೀಳ್ತಿದ್ದಾರೆ. … ಡ್ರೈವರ್ ಏನೋ ಕೂಗಾಡ್ತಿದ್ದಾನೆ. … ಇಲ್ಲ, ಹೊಡೆದಾಟ ಏನಿಲ್ಲ. ಬಳ್ಳೀನ ಕುಯ್ಬೇಡಿ, ಬಿಡಿಸಿ ಬಿಡಿಸಿ ಅಂತಿದ್ದಾನೆ. …

ಒಂದು ತಗಡು ಬಿತ್ತು. …

ಬಂತು. …

ಬೆಳಕು ಸಾರ್. ಬಂತು. ಮೇಜಿನ ಮೇಲೆ, ನನ್ನ ಮಂಡಿ ಮೇಲೆ, ಆಚೆ ಗೋಡೆ ತನಕ. ಇಷ್ಟೊಂದು ಬರ್ತಿತ್ತಾ ಮೊದಲು? ಮರೆತೇ ಹೋಗಿತ್ತು. ಗೋಡೇಲಿ ಸುಣ್ಣ ಎದ್ದಿರೋದೆಲ್ಲಾ ಕಾಣ್ತಿದೆ. …

ಇರಿ. ಒಂದ್ನಿಮಿಷ. ಫೋನ್ ಭುಜಕ್ಕೆ ಸಿಕ್ಕಿಸ್ಕೋತೀನಿ. …

ಏನಿಲ್ಲ, ಎರಡು ಎಳೆ ತೆಗೆದಿಟ್ಟಿದ್ದೆ ಬೆಳಿಗ್ಗೆ. ಒಂದು ಕಪ್ಪು, ಒಂದು ನೀಲಿ. ನೋಡ್ತಿದ್ದೀನಿ. …

ನೋಡ್ತಾ ಇದೀನಿ ಸಾರ್. …

ಪಕ್ಕಕ್ಕೆ ತಿರುಗಿಸಿದ್ರೂ ಅಷ್ಟೇ. …

ಎರಡೂ ಒಂದೇ. …

ಎಳೇನೇ ಸರಿಯಾಗಿ ಕಾಣ್ತಿಲ್ಲ, ಇನ್ನು ಬಣ್ಣ ಎಲ್ಲಿಂದ. ನನ್ನ ಬೆರಳೇ ತುದಿಯಿಲ್ಲದ ಹಾಗಿದೆ. ಮೇಜು ಕಾಣ್ತಿದೆ, ಗೋಡೆ ಕಾಣ್ತಿದೆ, ಸುತ್ತ ಎಲ್ಲಾ ಇದೆ. …

ಸಾರ್, ಎಷ್ಟು ತಗಡು ಇಳಿಸಿದ್ದಾರೆ? ನಿಲ್ಲಿಸೋಕೆ ಹೇಳಿ. … ನಿಲ್ಲಿಸೋಕೆ ಅಂದೆ. … ಹಾಂ, ಈಗಷ್ಟೇ ಕೆಡವಿ ಅಂದೋಳು ನಾನೇ. ಉಳಿದಿರೋದಾದ್ರೂ ಉಳೀಲಿ. ಮೇಸ್ತ್ರಿಗೆ ಫೋನ್ ಮಾಡಿ. …

ಫೋನ್ ತೆಗೀತಿಲ್ವಾ? ಮೇಲೆ ಹತ್ತಿದ್ದಾರಲ್ಲ, ಕೇಳಿಸಿರಲ್ಲ. ಇನ್ನೊಂದ್ಸಲ ಮಾಡಿ. …

ನಾನು ಕಿಟಕಿಯಿಂದ ಕೂಗ್ಲಾ? ಕೂಗಿದ್ರೆ ಅವಳಿಗೂ ಕೇಳಿಸುತ್ತೆ ಸಾರ್. ಯಾಕೆ ಬೇಡ ಅಂತ ಕೇಳ್ತಾಳೆ. ನಾನೇನು ಹೇಳ್ಲಿ? …

ಇಲ್ಲೇ ನಿಂತಿದ್ದಾಳೆ. … ಹೌದು, ಹೊರಗೇ. ಬೆಂಚು ಪಕ್ಕ. ತಲೆ ಮೇಲೆ ಟವೆಲ್ ಹಾಕ್ಕೊಂಡಿದ್ದಾಳೆ, ಕೈ ಎರಡೂ ಅದರೊಳಗೆ ಮುಚ್ಚಿಟ್ಕೊಂಡಿದ್ದಾಳೆ. ಟವೆಲ್ ಕಾಣ್ತಿದೆ. ಮುಖ ಇರಬೇಕಾದ ಜಾಗದಲ್ಲಿ ಏನೂ ಇಲ್ಲ. …

ಸಾರ್, ಕಿಟಕಿ ಹತ್ರಕ್ಕೇ ಬರ್ತಿದ್ದಾಳೆ. ಬಿಸಿಲಲ್ಲೇ ಬರ್ತಿದ್ದಾಳೆ. …

ಏನೋ ಹೇಳಿದ್ಲು. ಇರಿ. …

ಅಕ್ಕಾ ಅಂದ್ಲು. …

ಜಗಳದ ದನಿ ಅಲ್ಲ. ಕೇಳ್ತಿದ್ದಾಳೆ, ಅಷ್ಟೇ. ಅಕ್ಕಾ, ಈಗ ಚೆನ್ನಾಗಿ ಕಾಣ್ತಿದ್ಯಾ ಅಂತ ಕೇಳ್ತಿದ್ದಾಳೆ. …

ಕಾಯ್ತಾ ನಿಂತಿದ್ದಾಳೆ ಸಾರ್. ಏನು ಹೇಳ್ಲಿ? …

ಸಾರ್? … ಹಲೋ? … ಹಲೋ?