ಹಿತ್ತಾಳೆ ಬಿಲ್ಲೆ, ಸಂಖ್ಯೆ 212

ರೋವೆನಾ ಟಿಲ್ಲರಿ, ವಯಸ್ಸು 46, ಶಾಲಾ ಗ್ರಂಥಪಾಲಕಿ, ವಾಸ 18, ಲಾರೆಲ್ ಬೀದಿ, ಬ್ರಾಸ್‌ವೆಲ್, ಟೆನೆಸಿ. ಕೌಂಟಿ ಶೆರಿಫರ ಕಚೇರಿಗೆ ಈ ಮೂಲಕ ತಿಳಿಸುವುದೇನೆಂದರೆ, ಡಿಸೆಂಬರ್ 29ರಂದು ಆಸ್ಪತ್ರೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ, ಕೋಟಿನ ಬಿಲ್ಲೆಯನ್ನು ಗಂಡನಿಗೆ ಕೊಡಲು ಮರೆತೆ ಎಂದು ಬರೆಸಿದ್ದೇನೆ. ಮರೆತಿರಲಿಲ್ಲ. ಇದನ್ನು ಹೇಳದೆಯೇ ಇದ್ದುಬಿಡುವವಳಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ.

ಡಿಸೆಂಬರ್ 28, ಶನಿವಾರ, ಸಂಜೆ 4.10ಕ್ಕೆ ನಾನು ಮತ್ತು ನನ್ನ ಪತಿ ವೆಂಡೆಲ್ (51) ಆರ್ಡನ್‌ಶಾ ಮಹಲಿನ ವಾಹನ ನಿಲ್ದಾಣ ತಲುಪಿದೆವು. ಕಾರನ್ನು ಸಿ ಸಾಲಿನ 41ನೇ ಜಾಗದಲ್ಲಿ ನಿಲ್ಲಿಸಿದೆವು. ಅಲ್ಲಿಂದ ಮಹಲಿಗೆ ಎರಡು ಮೈಲಿ, ಮಹಲಿನವರದೇ ಬಸ್. ಮೇಣದಬತ್ತಿ ಹಚ್ಚಿ ಪ್ರವಾಸಿಗರಿಗೆ ಮಹಲು ತೋರಿಸುವ ಕ್ರಿಸ್‌ಮಸ್ ಸಂಜೆಗಳಲ್ಲಿ ದಪ್ಪ ಕೋಟು ತೊಟ್ಟು ಒಳಗೆ ಹೋಗುವಂತಿಲ್ಲ. ನಮ್ಮಿಬ್ಬರ ಕೋಟುಗಳನ್ನು ಒಂದೇ ಗೂಟಕ್ಕೆ ಹಾಕಿ, ಗುರುತಿಗೆ 212 ಎಂದು ಕೆತ್ತಿದ ಒಂದೇ ಹಿತ್ತಾಳೆ ಬಿಲ್ಲೆ ಕೊಟ್ಟರು. ವೆಂಡೆಲ್ ಅದನ್ನು ನನ್ನ ಕೈಗೆ ಹಾಕಿದರು. ಅವರ ಫೋನ್ ಅವರ ಕೋಟಿನಲ್ಲೇ ಉಳಿಯಿತು. ಕಾರಿನ ಕೀಲಿ ನನ್ನ ಬಳಿ ಇತ್ತು.

ನಮ್ಮ ಗುಂಪಿನಲ್ಲಿ ಹದಿಮೂರು ಜನ. ಊಟದ ಕೋಣೆಯಲ್ಲಿ, ಯಜಮಾನ ಮತ್ತು ಯಜಮಾನಿ ಇಪ್ಪತ್ತನಾಲ್ಕು ಅಡಿ ಅಂತರದಲ್ಲಿ ಎದುರುಬದುರು ಕೂರುತ್ತಿದ್ದರೆಂದು ಮಹಲು ತೋರಿಸುತ್ತಿದ್ದ ವೃದ್ಧೆ ಹೇಳಿದರು. "ಪುಣ್ಯವಂತ ನನ್ಮಗ! ನಮ್ಮನೇಲಿ ನಾಲ್ಕೇ ಅಡಿ, ಇವಳು ಅಗಿಯೋ ಸದ್ದೂ ಕೇಳುತ್ತೆ" ಎಂದು ವೆಂಡೆಲ್ ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

5.25ಕ್ಕೆ ಮಕ್ಕಳ ಕೋಣೆಗೆ ಬಂದೆವು. ಅಲ್ಲೊಂದು ಬಿಳಿ ತೊಟ್ಟಿಲಿತ್ತು. "ಇಂಥದ್ದು ನಮ್ಮನೇಲೂ ಇದೆ, ಹಿಂಗೇ ಖಾಲಿ. ಇವಳು ಅದ್ರ ಮೇಲೆ ಟವೆಲ್ ಒಣಗಿಸ್ತಾಳೆ" ಎಂದು ವೆಂಡೆಲ್ ಆ ವೃದ್ಧೆಗೆ ಹೇಳಿದರು. ಈ ಸಲ ಯಾರೂ ನಗಲಿಲ್ಲ. ನಮ್ಮ ಮಗಳು ಹತ್ತೊಂಬತ್ತು ದಿನ ಬದುಕಿದ್ದಳು. ಟವೆಲ್ ಒಣಗಿಸುವುದು ನಿಜ.

ಗುಂಪು ಮೇಲಂತಸ್ತಿಗೆ ಹೋಯಿತು. ನಾನು ಕೆಳಗಿಳಿದೆ. 5.40ಕ್ಕೆ ಕೋಟುಗಳ ಕೌಂಟರಿನಲ್ಲಿದ್ದ ಹೆಂಗಸು, "ಎರಡೂ ಕೊಡ್ಲಾ ಮೇಡಂ?" ಎಂದು ಕೇಳಿದರು. ನನ್ನದು ಮಾತ್ರ ಸಾಕು ಎಂದೆ. "ಹಂಗಾದ್ರೆ ಬಿಲ್ಲೆ ಅವರ ಕೈಗೆ ಕೊಟ್ಟು ಹೋಗಿ. ಬಿಲ್ಲೆ ಇಲ್ದೆ ನಾವು ಕೋಟು ಕೊಡಂಗಿಲ್ಲ, ಒಂಬತ್ತಕ್ಕೆ ಬಾಗಿಲು ಹಾಕೋವರೆಗೂ ಕಾಯ್ಬೇಕಾಗುತ್ತೆ" ಎಂದರು. ಗೊತ್ತು ಎಂದೆ. ಬಿಲ್ಲೆಯನ್ನು ನನ್ನ ಕೋಟಿನ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. 6.05ಕ್ಕೆ ಕಾರು ತೆಗೆದು ನಾವು ತಂಗಿದ್ದ, ಒಂಬತ್ತು ಮೈಲಿ ದೂರದ ವಸತಿಗೃಹಕ್ಕೆ ಹೋದೆ. ಆಗ ಚಳಿ ಶೂನ್ಯಕ್ಕಿಂತ ಹನ್ನೆರಡು ಡಿಗ್ರಿ ಕೆಳಗಿತ್ತು. ಕಾರಿನ ಫಲಕದಲ್ಲಿ ಓದಿದ್ದೆ.

ಬಿಲ್ಲೆ ಇಲ್ಲದೆ ಕೋಟು ಕೇಳಿದ್ದಕ್ಕೆ ಕೌಂಟರಿನವರು ಕಾಯಲು ಹೇಳಿದಾಗ ವೆಂಡೆಲ್, "ನನ್ನ ಹೆಂಡ್ತಿ ಕಾರಲ್ಲಿ ಕೂತಿರ್ತಾಳೆ. ಇನ್ನೆಲ್ಲಿಗೆ ಹೋಗ್ತಾಳೆ?" ಎಂದು ಹೇಳಿ ಬರಿಯ ಸ್ವೆಟರಿನಲ್ಲಿ 6.10ರ ಬಸ್ಸು ಹತ್ತಿದರೆಂದು ಆಮೇಲೆ ತಿಳಿಯಿತು. 7.50ಕ್ಕೆ ಬಸ್ ಚಾಲಕನಿಗೆ ಅವರು ಸಿ 41ರ ಮುಂದಿನ ಮರದ ದಿಮ್ಮಿಯ ಮೇಲೆ ಸಿಕ್ಕರು. ನಡುವೆ ನಾಲ್ಕು ಬಸ್ಸುಗಳು ಬಂದುಹೋಗಿದ್ದವು. ಅವರು ಯಾವುದನ್ನೂ ಹತ್ತಿರಲಿಲ್ಲ. ನಾನು ಬರುತ್ತೇನೆಂದು ಕಾಯುತ್ತಿದ್ದರು.

ಅವರ ಎರಡೂ ಕೈಗಳ ಒಟ್ಟು ಏಳು ಬೆರಳುಗಳು ಚಳಿಗೆ ಸತ್ತು ಕಪ್ಪಾಗಿವೆ. ನಾನು ಚಮಚದಲ್ಲಿ ಸೂಪು ಕುಡಿಸುತ್ತಿದ್ದೇನೆ. ನಿಮ್ಮ ಡೆಪ್ಯುಟಿ ಬಂದು, ಹೆಂಡತಿಯ ಮೇಲೆ ಅನುಮಾನವಿದೆಯೇ ಎಂದು ಅವರನ್ನು ಕೇಳಿದಾಗ ನಾನು ಚಮಚ ಹಿಡಿದು ನಿಂತಿದ್ದೆ. "ಇವಳಾ? ಬೇಕಂತ ಮಾಡೋಕೆ ತಲೆ ಬೇಕಲ್ಲಪ್ಪ!" ಎಂದು ವೆಂಡೆಲ್ ನಕ್ಕರು. ಡೆಪ್ಯುಟಿಯೂ ನಕ್ಕು ಪುಸ್ತಕ ಮುಚ್ಚಿದರು.

ಇದನ್ನು ಪಶ್ಚಾತ್ತಾಪದಿಂದ ಬರೆಯುತ್ತಿದ್ದೇನೆಯೇ, ಆ ನಗುವಿಗಾಗಿಯೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಅವರು ಅಷ್ಟು ಹೊತ್ತು ಕಾಯುತ್ತಾರೆಂದು ನನಗೆ ತಿಳಿದಿರಲಿಲ್ಲ. ಕೋಟು ಸಿಗುವುದಿಲ್ಲವೆಂದು ತಿಳಿದಿತ್ತು.

ಮೇಲೆ ಬರೆದದ್ದೆಲ್ಲ ನಾನೇ ಬರೆದದ್ದು, ನಿಜ. ಬಿಲ್ಲೆಯನ್ನು ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ.

ಸಹಿ: ರೋವೆನಾ ಟಿಲ್ಲರಿ
ಸ್ಥಳ: ಆಸ್ಪತ್ರೆಯ ಮೂರನೆಯ ಮಹಡಿ
ಬರೆದದ್ದು: ಜನವರಿ 3

6ರಂದು ಬೆರಳುಗಳನ್ನು ತೆಗೆಯುತ್ತಾರೆ. ಅವರಿಗೆ ಪೆನ್ನು ಹಿಡಿಯಲಾಗದ ಕಾರಣ ಒಪ್ಪಿಗೆ ಪತ್ರಕ್ಕೆ ನಾನೇ ಸಹಿ ಹಾಕಬೇಕು. ಆದ್ದರಿಂದ ಇದನ್ನು ಅಂಚೆಗೆ ಹಾಕುವುದು ಅದರ ಮರುದಿನ, ಜನವರಿ 7, ಮಂಗಳವಾರ.