“ಬಂತಾ?” ಎಂದು ತಾರಸಿಯಿಂದ ಕೇಳುತ್ತಿದ್ದವರು

ಮರಳುಗಾಡಿನ ಈ ಯಜ್ದ್ ಊರಿನ ಹಿರಿಯರೇ, ಇರಜ್ ಅವರ ಮಡದಿ ತಾಹೆರೆ ಖಾನಂ ಅವರೇ, ಮಗಳು ಮಹ್ರುಖ್, ನಮ್ಮ ಗ್ರಂಥಾಲಯದ ಬಳಗದವರೇ — ಎಲ್ಲರಿಗೂ ಸಲಾಂ. ಇಂಜಿನಿಯರ್ ಇರಜ್ ಗೊಲ್ಶನಿಯವರು ತೀರಿಕೊಂಡ ನಲವತ್ತನೆಯ ದಿನದ ಈ ಸಭೆಗೆ ಬಿಸಿಲನ್ನೂ ಲೆಕ್ಕಿಸದೆ ಬಂದಿದ್ದೀರಿ. ಎಲ್ಲರೂ ಗಾಳಿ ಬೀಸಿಕೊಳ್ಳುತ್ತಿದ್ದೀರಿ — ನೋಡುತ್ತಿದ್ದೇನೆ. ಯಾವುದರಿಂದ? ಅವರ ಫೋಟೋ ಅಚ್ಚಾಗಿರುವ ಆಮಂತ್ರಣದಿಂದ. ಪುಣ್ಯಾತ್ಮ, ಹೋದ ಮೇಲೂ ನಮಗೆ ಗಾಳಿ ಹಾಕುತ್ತಿದ್ದಾರೆ.

ಈ ಹಳೆಯ ಮನೆ ಗ್ರಂಥಾಲಯವಾದಾಗ ನಾವಿಬ್ಬರೂ ಒಟ್ಟಿಗೆ ಕೆಲಸಕ್ಕೆ ಸೇರಿದೆವು. ಪುಸ್ತಕದ ಹೊಣೆ ನನ್ನದು, ಮನೆಯ ಹೊಣೆ ಅವರದು. ಬೆಳಿಗ್ಗೆ ಬಂದವರೇ ಗೋಡೆಯ ಮೇಲೆ ಅಂಗೈ ಇಡುತ್ತಿದ್ದರು — ಹೀಗೆ — ಮಗುವಿನ ಜ್ವರ ನೋಡುವ ಹಾಗೆ. ಚಹಾ ಏನಿದ್ದರೂ ಆಮೇಲೆ.

ಮೊದಲ ಬೇಸಿಗೆಯಲ್ಲೇ ನಾವೆಲ್ಲ ಬೆಂದುಹೋದೆವು. ನಮ್ಮ ಮುಖ್ಯಸ್ಥರು, ತವಕ್ಕೊಲಿ ಸಾಹೇಬರು — ಇಗೋ, ಮುಂದಿನ ಸಾಲಿನಲ್ಲೇ ಇದ್ದಾರೆ — ಗೋಡೆ ಕೊರೆದು ಏಸಿ ಹಾಕಿಸಲು ಪೆಟ್ಟಿಗೆಗಳನ್ನು ತರಿಸಿಯೇಬಿಟ್ಟರು. ಇರಜ್ ನೆಟ್ಟಗೆ ಅವರ ಕೋಣೆಗೆ ಹೋದರು.

“ಸಾಹೇಬ್ರೇ, ನಿಮ್ಮಜ್ಜಿ ಬೇಸಿಗೇಲಿ ಎಲ್ಲಿ ಕೂರ್ತಿದ್ರು?”

“ಇದೆಂಥ ಪ್ರಶ್ನೆ ಕಣ್ರೀ? ಅಂಗಳದಾಚೆ, ನೆರಳಿನ ಕಡೆ. ಜಮಖಾನ, ಚಹಾ ಕಾಯಿಸೋ ಸಮೋವರ್, ಮಕ್ಕಳು, ಎಲ್ಲಾ ಹೊತ್ಕೊಂಡು ಹೋಗ್ತಿದ್ರು.”

“ಮತ್ತೆ ಬಿಸಿಲಿನ ಕಡೆ ಕೋಣೆ?”

“ಅದು ಚಳಿಗಾಲಕ್ಕೆ.”

“ಈಗ ನೀವು ಕೂತಿರೋದು ಯಾವ್ದರಲ್ಲಿ?”

ಸಾಹೇಬರು ಬಾಗಿಲ ಕಡೆ ಕೈ ತೋರಿಸಿದರು. “ಬಾಗಿಲ ಮೇಲೆ ನನ್ನ ಹೆಸರಿನ ಬೋರ್ಡಿದೆಯಲ್ರೀ,” ಎಂದರು.

ಇರಜ್ ಕುರ್ಚಿ ಹತ್ತಿ ಆ ಬೋರ್ಡು ಬಿಚ್ಚಿದರು. ಕಂಕುಳಲ್ಲಿ ಇಟ್ಟುಕೊಂಡು ಅಂಗಳ ದಾಟಿ ನಡೆದೇಬಿಟ್ಟರು. ಹಿಂದೆ ಸಾಹೇಬರು, “ಏ ಇರಜ್, ನನ್ನ ಹೆಸರು ಕೊಡ್ರೀ” ಎನ್ನುತ್ತ. — ನಗಿ ಸಾಹೇಬರೇ, ನಗಿ, ಇರಜ್ ಅವರಿಗೂ ಅದೇ ಇಷ್ಟ. ಮನೆಯದೇನೂ ತಪ್ಪಿರಲಿಲ್ಲ. ಕಚೇರಿ ಎಂದರೆ ವರ್ಷವಿಡೀ ಒಂದೇ ಕಡೆ ಕೂರುವುದು ಎಂದುಕೊಂಡಿದ್ದೆವು, ಅಷ್ಟೆ. ಅಂದಿನಿಂದ ಬೇಸಿಗೆ ಬಂತೆಂದರೆ ಮೇಜು, ಪುಸ್ತಕ, ಓದುಗರು, ಬೋರ್ಡು — ಎಲ್ಲ ಈ ಕಡೆಗೆ, ತಾರಸಿಯ ಮೇಲಿನ ಗಾಳಿ ಹಿಡಿದು ಕೊಳದ ಮೇಲೆ ಇಳಿಸಿ ತಂಪು ಮಾಡುವ ಈ ಗೋಪುರದ ಕೆಳಗೆ. ಪೆಟ್ಟಿಗೆಗಳು ಉಗ್ರಾಣದಲ್ಲೇ ಉಳಿದವು.

ಚಳಿಗಾಲಕ್ಕೆಂದು ಗೋಪುರದ ಬಾಯಿಗೆ ಹಲಗೆ ಮುಚ್ಚುತ್ತೇವಲ್ಲ, ಅದನ್ನು ತೆಗೆಯುವ ದಿನ ನಮಗೆ ಹಬ್ಬ. ಇರಜ್ ತಾರಸಿ ಹತ್ತುತ್ತಿದ್ದರು. ನಾವು ಇಲ್ಲಿ, ಈ ಕೊಳದ ಸುತ್ತ, ಮುಖ ಮೇಲೆ ಮಾಡಿ ನಿಲ್ಲುತ್ತಿದ್ದೆವು. ಮೇಲಿನಿಂದ ದನಿ — “ಬಂತಾ?” ಗಾಳಿ ತಣ್ಣಗೆ ಕೆನ್ನೆಗೆ ತಾಗಿದ ಕೂಡಲೇ ನಾವೆಲ್ಲ — “ಬಂತು, ಬಂತು.”

ಈ ವರ್ಷ ಹಲಗೆ ತೆಗೆಯುವ ಮೊದಲೇ ಅವರು ಹೋದರು. ಹಲಗೆ ಇನ್ನೂ ಹಾಗೇ ಇದೆ; ಈ ಸೆಖೆ ಅದಕ್ಕೇ. ನಿನ್ನೆ ಸಾಹೇಬರ ಅಪ್ಪಣೆಯಂತೆ ಉಗ್ರಾಣದಿಂದ ಆ ಏಸಿ ಪೆಟ್ಟಿಗೆಗಳು ಹೊರಬಂದಿವೆ. ಅಲ್ಲಿ ನೋಡಿ — ಗೋಡೆಯ ಮೇಲೆ ಸೀಮೆಸುಣ್ಣದ ಗುರುತು. ಕೊರೆಯುವವರು ಶನಿವಾರ ಬರುತ್ತಾರಂತೆ. ನನಗಿದು ಒಪ್ಪಿಗೆಯಿಲ್ಲ, ಮುಚ್ಚಿಡುವುದಿಲ್ಲ. ಆದರೆ ಇಂದು ವಾದ ಮಾಡುವುದೂ ಇಲ್ಲ. ಕೊಳ ತುಂಬಿಸಿದ್ದೇವೆ. ಮಹ್ರುಖ್, ಏಣಿ ಇಟ್ಟಾಗಿದೆ, ಹತ್ತು ಮಗಳೇ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕೈಯಲ್ಲಿರುವ ಆಮಂತ್ರಣಗಳನ್ನು ಕುರ್ಚಿಯ ಮೇಲಿಡಿ — ಇರಜ್ ಸ್ವಲ್ಪ ಸುಧಾರಿಸಿಕೊಳ್ಳಲಿ. ಇನ್ನು ಯಾರೂ ಮಾತಾಡುವುದು ಬೇಡ. ಸುಮ್ಮನೆ ನಿಲ್ಲೋಣ, ಮುಖ ಮೇಲೆ ಮಾಡಿ. ಹಲಗೆ ಸರಿದ ಮೇಲೆ ಮಗಳು ಅಪ್ಪನ ಹಾಗೆಯೇ ಕೇಳುತ್ತಾಳೆ — ತವಕ್ಕೊಲಿ ಸಾಹೇಬರೇ, ಈ ಸಲ ಉತ್ತರ ನೀವೊಬ್ಬರೇ ಕೊಡಿ.